ಆ ಬಿಲ್ಲಿನಲ್ಲಿ ಒಂದು ವರ್ಷವಿದೆ

ಪ್ರಶ್ನೆ: ಶಿರಸಿಯ ಅಡಿಕೆ ಮಂಡಿಯೊಂದರಲ್ಲಿ 6 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ, ಅಕ್ಕಾ. ದಿನವಿಡೀ ತೂಕ, ದರ, ಬಿಲ್ಲು. ಇದರಿಂದ ಯಾರಿಗೇನು ಉಪಯೋಗ? ಪಕ್ಕದ ಟೇಬಲ್ಲಿನವರ ಜೊತೆ ಮಾತೂ ನಿಂತಿದೆ.

ಉತ್ತರ: ನೀವು ಬರೆಯುವ ಬಿಲ್ಲು ಒಂದು ಮನೆಯ ಇಡೀ ವರ್ಷದ ದುಡಿಮೆ, ಅಲ್ವಾ? ಮಳೆಯಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ಕೊಯ್ಸಿ, ಒಣಗಿಸಿ, ಸುಲಿಸಿ ಚಾಲಿ ಅಡಿಕೆ ತಂದವರು ಆ ಚೀಟಿಯನ್ನೇ ನೋಡುತ್ತಾ ನಿಲ್ಲುತ್ತಾರೆ. ಅವರಿಗೆ ಎರಡು ನಿಮಿಷ ಕೊಡಿ. ಕೆಂಪುಗೋಟು ಎನ್ನುವ ಕಡಿಮೆ ದರ್ಜೆಯ ಅಡಿಕೆಯನ್ನು ಯಾಕೆ ಬೇರೆ ಮಾಡಿದರು, ದರ ಎಲ್ಲಿ ಇಳಿಯಿತು ಎಂದು ಬಿಡಿಸಿ ಹೇಳಿ. ಮುಂದಿನ ಸಲ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ, ನೋಡಿ.

ಪಕ್ಕದವರ ವಿಷಯದಲ್ಲಿ ಯಾರದು ತಪ್ಪು ಜಾಸ್ತಿ ಎಂದು ಲೆಕ್ಕ ಹಾಕಬೇಡಿ. ನಾಳೆ ಚಹಾಕ್ಕೆ ಹೋಗುವಾಗ ಸುಮ್ನೆ ಕರೆಯಿರಿ. ಬರದಿದ್ದರೆ ನಾಡಿದ್ದು ಮತ್ತೆ ಕರೆಯಿರಿ.