ಆಕಳು ಕೊಟ್ಟು ಕೆಡಿಸಿದ ಕಥೆ

ತಿಂಗಳಿಗೆ 5,000 ರೂಪಾಯಿ ಎತ್ತಿಡಬಲ್ಲೆ, ಜಗತ್ತಿನ ಬಡತನ ತಗ್ಗಿಸಲು ಏನಾದರೂ ಮಾಡಬೇಕು, ಆದರೆ ಕೈಗೆ ಹಣ ಕೊಟ್ಟರೆ ಕುಡಿದು ಕಳೆಯುತ್ತಾರೆ, ಹಾಗಾಗಿ ಆಕಳು ಕೊಡಿಸಲೋ ಹೊಲಿಗೆ ಯಂತ್ರ ಕೊಡಿಸಲೋ ಎಂದು ಕೇಳಿದ್ದೀರಿ. ಇದನ್ನು ಹತ್ತು ವರ್ಷದ ಹಿಂದೆ ನಾನೇ ಬರೆದಿದ್ದೆನೇನೋ ಅನ್ನಿಸಿತು. ನಾನು ಆಕಳು ಕೊಡಿಸಿದವನು.

2014ರ ಡಿಸೆಂಬರ್. ಬೆಂಗಳೂರಿನ ಒಂದೇ ಕಚೇರಿಯ ಆರು ಜನ ಹಣ ಒಟ್ಟುಮಾಡಿ, ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ನಾಲ್ಕು ಕುಟುಂಬಗಳಿಗೆ ಕೋಲಾರದ ಕಡೆಯಿಂದ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ವಿದೇಶಿ ತಳಿ) ಆಕಳು ತರಿಸಿದೆವು. ಒಂದಕ್ಕೆ 42,000, ಲಾರಿ ಬಾಡಿಗೆ ಬೇರೆ. ಹಣೆಗೆ ಕುಂಕುಮ, ಕೊರಳಿಗೆ ಹಾರ, ಎಲ್ಲರೂ ನಿಂತು ಫೋಟೋ.

ಲೆಕ್ಕ ಹಾಕಿದವನು ನಾನು. ಎಕ್ಸೆಲ್‌ನಲ್ಲಿ ಒಂದೇ ಸಾಲು: ದಿನಕ್ಕೆ 8 ಲೀಟರ್, ಲೀಟರಿಗೆ 25 ರೂಪಾಯಿ, 365 ದಿನ. ವರ್ಷಕ್ಕೆ 73,000. ಮೇವಿಗೆ ಅರ್ಧ ಹೋದರೂ ಉಳಿದದ್ದು ಲಾಭ ಎಂದುಕೊಂಡೆ. ಆ 365ರಲ್ಲೇ ಎಲ್ಲವೂ ಕೆಟ್ಟದ್ದು. ಸ್ವಲ್ಪ ಉದ್ದವಾದರೂ ಹೇಳಿಬಿಡುತ್ತೇನೆ, ಯಾಕೆಂದರೆ ನೀವೂ ಇದೇ ಸಾಲು ಬರೆಯುತ್ತೀರಿ.

ಆಕಳು ವರ್ಷವಿಡೀ ಹಾಲು ಕೊಡುವುದಿಲ್ಲ. ಪುಸ್ತಕದ ಲೆಕ್ಕದಲ್ಲಿ ಒಂದು ಸೂಲಿಗೆ 305 ದಿನ. ನಾವು ಕೊಂಡಾಗ ಕರು ಹಾಕಿ ಎರಡು ತಿಂಗಳಾಗಿತ್ತು, ಅಂದರೆ ಉಳಿದದ್ದು 240 ಚಿಲ್ಲರೆ. 8 ಲೀಟರ್ ಎಂಬುದು ಆ ಹೊತ್ತಿನ ಹಾಲು. ತಿಂಗಳು ಕಳೆದಂತೆ ಆರಾಗುತ್ತದೆ, ನಾಲ್ಕಾಗುತ್ತದೆ. ಕರು ಹಾಕಿದ ಮೂರು ತಿಂಗಳೊಳಗೆ ಮತ್ತೆ ಗಬ್ಬ ನಿಂತರೆ ಮಾತ್ರ ಬತ್ತಿದ ಅವಧಿ ಎರಡು ತಿಂಗಳಿಗೆ ಮುಗಿಯುತ್ತದೆ. ರಾಯಚೂರಿನ ಬಿಸಿಲಿಗೆ ನಮ್ಮ ಆಕಳುಗಳು ಸರಿಯಾಗಿ ಬೆದೆಗೇ ಬರಲಿಲ್ಲ. ಒಂದಕ್ಕೆ ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ನಿಲ್ಲಲಿಲ್ಲ. ಆಗಸ್ಟ್ ಹೊತ್ತಿಗೆ ನಾಲ್ಕರಲ್ಲಿ ಮೂರು ಬತ್ತಿದವು. ಮುಂದಿನ ಹಾಲು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ, ಹೊಟ್ಟೆ ಮಾತ್ರ ದಿನಾ ಕೇಳುತ್ತದೆ. ಅದು 2015, ಬರದ ವರ್ಷ. ಜೋಳದ ಕಣಿಕೆಗೂ ಕ್ಯೂ.

ಇನ್ನೂ ದೊಡ್ಡ ತಪ್ಪು ನನಗೆ ಆಮೇಲೆ ಹೊಳೆಯಿತು. ಆ ಮನೆಗಳವರು ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವವರು. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಬಂದು ಕಟ್ಟಡ ಕೆಲಸ ಮಾಡಿ, ಮಳೆಗಾಲಕ್ಕೆ ಒಂದಿಷ್ಟು ಹಣ ಕಟ್ಟಿಕೊಂಡು ಹಿಂದಿರುಗುವುದು ರೂಢಿ. ಆಕಳು ಬಂದ ಮೇಲೆ ಅದಕ್ಕೆ ನೀರು ಕುಡಿಸಲು ಒಬ್ಬರು ಊರಲ್ಲೇ ಉಳಿಯಬೇಕಾಯಿತು. ಆಗ ಉದ್ಯೋಗ ಖಾತ್ರಿಯ ಕೂಲಿಯೇ ದಿನಕ್ಕೆ 204 ರೂಪಾಯಿ ಇತ್ತು, ನಗರದಲ್ಲಿ ಅದಕ್ಕಿಂತ ಹೆಚ್ಚು. ಒಬ್ಬರ ಒಂದು ಋತುವಿನ ದುಡಿಮೆಯನ್ನು ನಾವು ಗೂಟಕ್ಕೆ ಕಟ್ಟಿಬಂದಿದ್ದೆವು. ಎಕ್ಸೆಲ್‌ನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ದಸರೆಗೆ ಹೋದಾಗ ಒಬ್ಬ ತಾಯಿ ಚಹಾ ಕೊಟ್ಟು, ನನ್ನ ಮುಖ ನೋಡದೆ ಕೇಳಿದಳು: "ತಮ್ಮಾ, ಇದನ್ನು ತಿರುಗಿ ಒಯ್ಯುತ್ತೀರೇನು?" ಹಿಂಡಿಗಾಗಿ ಆಕೆ ಸಾಹುಕಾರನಲ್ಲಿ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಯಂತೆ 12,000 ಸಾಲ ಮಾಡಿದ್ದಳು. ನಾವು ಕೊಟ್ಟದ್ದೆಂಬ ಮುಲಾಜಿಗೆ ಅಷ್ಟು ದಿನ ಮಾರಿರಲಿಲ್ಲ. ಸಂತೆಯಲ್ಲಿ 15,000ಕ್ಕೆ ಹೋಯಿತು. ಅಸಲು ಬಡ್ಡಿ ತೀರಿದ ಮೇಲೆ ಉಳಿದದ್ದು ಎರಡು ಸಾವಿರ ಚಿಲ್ಲರೆ.

ದನ ಕೊಡುವುದೇ ತಪ್ಪೆಂದಲ್ಲ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಿಂದ ಕಡುಬಡವರಿಗೆ ದನ, ಆಡು ಕೊಡುತ್ತಿದೆ. ಆದರೆ ಜೊತೆಗೆ ಕೆಲವು ತಿಂಗಳು ಊಟದ ಖರ್ಚಿಗೆ ನಗದು, ಸಾಕುವ ತರಬೇತಿ, ಉಳಿತಾಯ, ಒಂದೂವರೆ ಎರಡು ವರ್ಷ ಮನೆಬಾಗಿಲಿಗೆ ಬರುವ ಕಾರ್ಯಕರ್ತೆ. ಇದೇ ಮಾದರಿಯನ್ನು ಭಾರತ, ಇಥಿಯೋಪಿಯ, ಘಾನಾ ಸೇರಿ ಆರು ದೇಶಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರ್ಯಕ್ರಮ ಮುಗಿದು ವರ್ಷವಾದರೂ ಬಹುತೇಕ ಕಡೆ ಜನ ಮೊದಲಿಗಿಂತ ಚೆನ್ನಾಗಿ ಉಣ್ಣುತ್ತಿದ್ದರು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳು ಬಹಳಷ್ಟು ರೋಗ ಬಂದು ಸತ್ತವು. ಅದನ್ನು ಓದುವಾಗ ನನಗೆ ನಮ್ಮ ಆಕಳುಗಳೇ ಕಣ್ಣಮುಂದೆ ಬಂದವು. ಐದು ಭಾಗದ ಕೆಲಸದಲ್ಲಿ ನಾವು ಮಾಡಿದ್ದು ಒಂದು, ಅದೂ ಫೋಟೋಕ್ಕೆ ಒದಗುವಂಥದ್ದು.

ನಿಮ್ಮ 5,000ದಲ್ಲಿ ಉಳಿದ ನಾಲ್ಕು ಭಾಗ ಆಗುವುದಿಲ್ಲ. ಹಾಗಾಗಿ ವಸ್ತು ಬೇಡ, ನಗದು ಕೊಡಿ. ಕುಡಿದು ಕಳೆಯುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ನಗದು ಸಿಕ್ಕವರು ಹೆಂಡಕ್ಕೂ ತಂಬಾಕಿಗೂ ಹೆಚ್ಚು ಸುರಿದದ್ದು ಕಾಣಲಿಲ್ಲ. ಕೀನ್ಯಾದಲ್ಲಿ ಹಾಗೆ ಹಣ ಪಡೆದ ಹಳ್ಳಿಗರಲ್ಲಿ ಅನೇಕರು ಮೊದಲು ಮಾಡಿದ ಕೆಲಸ ಹುಲ್ಲಿನ ಸೂರು ತೆಗೆದು ತಗಡು ಹಾಕಿಸಿದ್ದು. ಆಕಳು ಮಾರಿದ ಆ ತಾಯಿಗೆ 42,000 ಕೈಗೆ ಕೊಟ್ಟಿದ್ದರೆ ಏನು ಮಾಡುತ್ತಿದ್ದಳೋ, ಎಚ್‌ಎಫ್ ಆಕಳನ್ನಂತೂ ಕೊಳ್ಳುತ್ತಿರಲಿಲ್ಲ. ಅವಳನ್ನು ನಾವು ಕೇಳಿರಲೇ ಇಲ್ಲ.

ಇನ್ನು "ಜಗತ್ತು" ಎಂಬ ಪದ ಬಿಡಿ. ಚೀನಾದಲ್ಲಿ ನಾಲ್ಕು ದಶಕಗಳಲ್ಲಿ ಸುಮಾರು 80 ಕೋಟಿ ಜನ ಕಡುಬಡತನದಿಂದ ಮೇಲೆ ಬಂದದ್ದು ಹೊಲದ ಸುಧಾರಣೆಯಿಂದ, ಕಾರ್ಖಾನೆಯ ಸಂಬಳದಿಂದ, ದಾನದಿಂದಲ್ಲ. ಆ ಅಳತೆಯಲ್ಲಿ ನಾವಿಬ್ಬರೂ ಲೆಕ್ಕಕ್ಕಿಲ್ಲ.

ಹಣವೇ ಬೇಡದ ಒಂದು ಕೆಲಸವೂ ಇದೆ. ನಿಮ್ಮ ಬೀದಿಯಲ್ಲಿ ಕಟ್ಟಡ ಏಳುತ್ತಿದ್ದರೆ ಅಲ್ಲಿನ ಗುಳೆಯವರ ಬಳಿ ಕಟ್ಟಡ ಕಾರ್ಮಿಕರ ಕಾರ್ಡ್ ಇದೆಯೇ ಎಂದು ಕೇಳಿ. ವರ್ಷದಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರವಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗುತ್ತದೆ. ಅಪಘಾತ ಪರಿಹಾರ, ಮಕ್ಕಳ ಓದಿಗೆ ನೆರವು, ಪಿಂಚಣಿ ಅದರ ಮೇಲೆ ನಿಂತಿವೆ. ಕಟ್ಟಡದ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ಇವರ ಹೆಸರಿನಲ್ಲೇ ವಸೂಲಾಗುತ್ತದೆ. ಆದರೆ ಆ ಪ್ರಮಾಣಪತ್ರಕ್ಕೆ ಮೇಸ್ತ್ರಿ ಸಹಿ ಹಾಕುವುದಿಲ್ಲ. ಆ ತಾಯಿಯ ಮಗ ಈಗ ಬೆಂಗಳೂರಿನಲ್ಲೇ ಕಂಬಿ ಕಟ್ಟುತ್ತಾನೆ. ಅವನಿಗೆ ಬೇಕಾದ ಆ ಒಂದು ಸಹಿಗಾಗಿ ಮೂರು ಭಾನುವಾರ ಮೇಸ್ತ್ರಿಯ ಹಿಂದೆ ಅಲೆದೆ. ನಾಲ್ಕನೆಯ ವಾರ ಹಾಕಿಕೊಟ್ಟ. ಹುಡುಗ ನನ್ನನ್ನು ಅಣ್ಣಾ ಎನ್ನುತ್ತಾನೆ. ಆಕಳಿನ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ.