ಬಸ್ಸು ಬಿಡಿ, ಶೇರ್ ಆಟೋ ಹಿಡಿಯಿರಿ

ಫೈನಲ್ ಇಯರ್ ಪ್ರಾಜೆಕ್ಟಿಗೆ 'ಚಿಗರಿ ಬಸ್ಸು (ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ವೇಗದ ಬಸ್ಸು) ಎಲ್ಲಿದೆ' ಅಂತ ತೋರಿಸುವ ಆ್ಯಪ್ ಮಾಡಲಾ ಅಂತ ಕೇಳಿದ್ದೀರಿ. ಬೇಡ, ಶೇರ್ ಆಟೋಗಳ ಮಾಹಿತಿ ಕೊಡುವ ಆ್ಯಪ್ ಮಾಡಿ ಅಂತೀನಿ. ಹುಬ್ಬಳ್ಳಿ–ಧಾರವಾಡ ನಡುವಿನ ಸುಮಾರು 22 ಕಿ.ಮೀ. ದಾರಿಯ ಬಹುಪಾಲು ಚಿಗರಿಗೆ ತನ್ನದೇ ಲೇನ್ ಇದೆ, ಹಾಗಾಗಿ ಬಸ್ಸಿನದು ಅಂಥ ದೊಡ್ಡ ಕಷ್ಟವಲ್ಲ. ಕಷ್ಟ ಇರುವುದು ಇಳಿದ ಮೇಲೆ. ನವನಗರದಲ್ಲೋ ಟೋಲ್ ನಾಕಾದಲ್ಲೋ ಇಳಿದರೆ ಒಳಗಿನ ಓಣಿಗೆ ಹೋಗುವ ಶೇರ್ ಆಟೋ ಎಲ್ಲಿ ನಿಲ್ಲುತ್ತದೆ, ಎಷ್ಟು ಜನ ತುಂಬಿದರೆ ಹೊರಡುತ್ತದೆ, ಹೊಸಬರಿಗೆ ಗೊತ್ತಾಗುವುದಿಲ್ಲ.

ಒಂದು ವಾರ ಅಲ್ಲೇ ನಿಂತು, ಆಟೋದವರ ಜೊತೆ ಚಹಾ ಕುಡಿದು, ಎಲ್ಲ ಬರೆದುಕೊಳ್ಳಿ. (ಮೊದಲ ದಿನ ಸುಮ್ನೆ ಕೇಳಿಸಿಕೊಳ್ಳಿ.) ಆಮೇಲೆ ಜಿಟಿಎಫ್‌ಎಸ್ (ಬಸ್ಸು, ರೈಲುಗಳ ಮಾರ್ಗ, ವೇಳೆಯ ಮಾಹಿತಿ ಬರೆದಿಡುವ ಒಂದು ಸಾಮಾನ್ಯ ಮಾದರಿ) ಮಾದರಿಯಲ್ಲಿ ಜೋಡಿಸಿ. ಹೆದರಬೇಡಿ, ಅವು ಬರೀ ಟೆಕ್ಸ್ಟ್ ಫೈಲುಗಳು: ನಿಲ್ದಾಣಗಳಿಗೆಲ್ಲ ಸೇರಿ ಒಂದು, ಮಾರ್ಗಗಳಿಗೆಲ್ಲ ಸೇರಿ ಒಂದು, ಹೀಗೆ. ಆಟೋಗೆ ಟೈಮ್‌ಟೇಬಲ್ ಇಲ್ಲ ಅಲ್ವಾ? ಎಷ್ಟು ಹೊತ್ತಿಗೊಂದು ಅಂತ ಬರೆಯುವ ಫ್ರೀಕ್ವೆನ್ಸಿ ಫೈಲಿನಲ್ಲಿ, ಉದಾಹರಣೆಗೆ, 600 ಸೆಕೆಂಡ್ ಅಂತ ಹಾಕಿ, ಹತ್ತು ನಿಮಿಷಕ್ಕೊಂದು ಅಂತಾಯಿತು.