ಲಾಗಿನ್‌ಗೆ ಹತ್ತು ಸೆಕೆಂಡು: ತಡವಾಗುತ್ತಿರುವುದು ಎಲ್ಲಿ?

ನಮಸ್ಕಾರ. ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿ ಮನೆಯಲ್ಲೇ ಸರ್ವರ್ ಮಾಡಿಕೊಂಡಿದ್ದೀರಿ. ಎಸ್‌ಎಸ್‌ಎಚ್ (ಇನ್ನೊಂದು ಕಂಪ್ಯೂಟರಿನಿಂದ ಸರ್ವರಿನೊಳಗೆ ಸುರಕ್ಷಿತವಾಗಿ ಹೋಗುವ ವಿಧಾನ) ಲಾಗಿನ್‌ಗೆ ಪ್ರತಿ ಸಲವೂ ಹತ್ತು ಸೆಕೆಂಡು ಹಿಡಿಯುತ್ತದೆ, ಒಳಗೆ ಹೋದ ಮೇಲೆ ಎಲ್ಲವೂ ಚುರುಕಾಗಿದೆ, ಪ್ಲಾನನ್ನು 100 ಎಂಬಿಪಿಎಸ್‌ನಿಂದ 300ಕ್ಕೆ ಏರಿಸಿದರೂ ಪ್ರಯೋಜನವಾಗಲಿಲ್ಲ, ಆದ್ದರಿಂದ ಇಂಟರ್ನೆಟ್ ಕಂಪನಿಯನ್ನೇ ಬದಲಿಸುವ ಯೋಚನೆಯಲ್ಲಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ಈಗಲೇ ಬದಲಿಸಬೇಡಿ. ಮನೆಯ ವೈಫೈನಲ್ಲಿ 192.168 ವಿಳಾಸ ಕೊಟ್ಟು ಲಾಗಿನ್ ಆದರೂ ಅಷ್ಟೇ ತಡವಾಗುತ್ತದೆ ಎಂದು ಕೊನೆಯ ಸಾಲಿನಲ್ಲಿ ಹೇಳಿದ್ದೀರಲ್ಲ, ಅದೇ ದೊಡ್ಡ ಸುಳಿವು. ಅದು ಮನೆಯೊಳಗಿನ ವಿಳಾಸ; ಅದಕ್ಕೆ ಹೋಗುವ ಪ್ಯಾಕೆಟ್ (ಡೇಟಾದ ತುಣುಕು) ರೂಟರ್ ದಾಟಿ ಹೊರಗೆ ಹೋಗುವುದೇ ಇಲ್ಲ. ಹಾಗಿರುವಾಗ ಈ ಹತ್ತು ಸೆಕೆಂಡಿಗೆ ಕಂಪನಿ ಹೊಣೆಯಲ್ಲ.

ಎಂಬಿಪಿಎಸ್ ಹೆಚ್ಚಿಸಿದರೂ ಫಲ ಸಿಗದಿರುವುದು ಸಹಜ. ಲಾಗಿನ್ ಸಮಯದಲ್ಲಿ ಎರಡೂ ಕಡೆಯಿಂದ ಹೋಗಿ ಬರುವುದು ಕೆಲವೇ ಕಿಲೋಬೈಟ್. ಅದಕ್ಕೆ ಪೈಪಿನ ಅಗಲ ಮುಖ್ಯವಲ್ಲ.

ಇನ್ನು ಹತ್ತು ಎಂಬ ಸಂಖ್ಯೆಯನ್ನು ಗಮನಿಸಿ. ವೈಫೈ ದುರ್ಬಲವಾಗಿದ್ದರೆ ತಡವು ಒಮ್ಮೆ ಎರಡು, ಒಮ್ಮೆ ಆರು ಸೆಕೆಂಡು ಎಂದು ಏರಿಳಿಯುತ್ತದೆ. ಸಂಪರ್ಕದ ಮೊದಲ ಪ್ಯಾಕೆಟ್ಟೇ ಕಳೆದುಹೋದರೆ ಲಿನಕ್ಸ್ (2023ರ 6.5 ಆವೃತ್ತಿಗಿಂತ ಹಿಂದಿನದು) ಅದನ್ನು ಒಂದು, ಆಮೇಲೆ ಎರಡು, ಆಮೇಲೆ ನಾಲ್ಕು ಸೆಕೆಂಡು ಕಾದು ಮತ್ತೆ ಕಳುಹಿಸುವುದರಿಂದ ಒಟ್ಟು ತಡ 1, 3 ಅಥವಾ 7 ಸೆಕೆಂಡು ಆಗುತ್ತದೆ. ಪ್ರತಿ ಸಲವೂ ಕರಾರುವಾಕ್ಕಾಗಿ ಹತ್ತೇ ಸೆಕೆಂಡಾದರೆ ಯಾವುದೋ ಪ್ರೋಗ್ರಾಮ್ ಉತ್ತರ ಬಾರದ ಪ್ರಶ್ನೆ ಕೇಳಿ, ಕಾದು, ಕೈಬಿಡುತ್ತಿದೆ ಎಂದೇ ತಿಳಿಯಬೇಕು. ಲಿನಕ್ಸ್‌ನಲ್ಲಿ ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸವನ್ನೂ ವಿಳಾಸಕ್ಕೆ ಹೆಸರನ್ನೂ ಹುಡುಕಿಕೊಡುವ ವ್ಯವಸ್ಥೆ) ಉತ್ತರಕ್ಕಾಗಿ ಕಾಯುವ ಅವಧಿ ಮೊದಲಿನಿಂದಲೇ 5 ಸೆಕೆಂಡು ಎಂದು, ಪ್ರಯತ್ನಗಳು 2 ಎಂದು ನಿಗದಿಯಾಗಿವೆ. ಐದೆರಡಲ ಹತ್ತು.

ನನಗೂ ಇದೇ ಆಗಿತ್ತು. ಕೇಬಲ್ ಬದಲಿಸಿ, ರೂಟರ್ ರೀಸೆಟ್ ಮಾಡಿ ಎರಡು ದಿನ ಕಳೆದ ಮೇಲೆ ಲಾಗಿನ್ ಆದೇಶಕ್ಕೆ "-ವಿ" (-v, ನಡೆಯುವ ಪ್ರತಿ ಹಂತವನ್ನೂ ತೋರಿಸುವ ಆಯ್ಕೆ) ಸೇರಿಸಿ ಪರದೆಯನ್ನೇ ನೋಡುತ್ತ ಕುಳಿತೆ. ಸಾಲುಗಳು ಸರಸರನೆ ಇಳಿದು, "ಸರ್ವಿಸ್ ಆಕ್ಸೆಪ್ಟ್" ಸಂದೇಶ ಬಂದ ಸಾಲಿನ ಬಳಿಕ ನಿಂತುಬಿಟ್ಟವು; ಗಡಿಯಾರದಲ್ಲಿ ಹತ್ತು ಸೆಕೆಂಡು ಕಳೆದ ಮೇಲಷ್ಟೇ ಪಾಸ್‌ವರ್ಡ್ ಕೇಳಿತು. ಬಂದವನ ಐಪಿ ವಿಳಾಸಕ್ಕೆ ಹೆಸರೇನೆಂದು ಸರ್ವರ್ ಡಿಎನ್‌ಎಸ್‌ನಲ್ಲಿ ವಿಚಾರಿಸುತ್ತಿತ್ತು, ಆದರೆ ಡಿಎನ್‌ಎಸ್ ಪ್ರಶ್ನೆಯನ್ನು ಯಾರಿಗೆ ಕೇಳಬೇಕೆಂದು ಹೇಳುವ "ರಿಸಾಲ್ವ್.ಕಾನ್ಫ್" ಫೈಲಿನಲ್ಲಿದ್ದದ್ದು ನಾನು ಎಂದೋ ತೆಗೆದುಹಾಕಿದ್ದ ಹಳೆಯ ರೂಟರಿನ ವಿಳಾಸ. ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಮ್ ಆದ ಓಪನ್‌ಎಸ್‌ಎಸ್‌ಎಚ್‌ನಲ್ಲಿ 2015ರ 6.8 ಆವೃತ್ತಿಯಿಂದ, ಹೀಗೆ ಹೆಸರು ವಿಚಾರಿಸುವ "ಯೂಸ್‌ಡಿಎನ್‌ಎಸ್" ಸೆಟ್ಟಿಂಗ್ ತಾನಾಗಿಯೇ ಆಫ್ ಇರುತ್ತದೆ. ಅದಕ್ಕಿಂತ ಹಳೆಯ ಆವೃತ್ತಿಯಿದ್ದರೆ, ಅಥವಾ ಹಳೆಯ ಕಾನ್ಫಿಗ್ ಫೈಲನ್ನೇ ಉಳಿಸಿಕೊಂಡು ಅಪ್‌ಗ್ರೇಡ್ ಮಾಡಿದ್ದರೆ, ಅದು ಆನ್ ಇರಬಹುದು.

ನಿಮ್ಮಲ್ಲಿಯೂ ಹಾಗೆಯೇ ಎಂದು ನಂಬಿ ಏನನ್ನೂ ತಿದ್ದಬೇಡಿ, ಮೊದಲು ಪರೀಕ್ಷಿಸಿ. ಸರ್ವರಿನ "ಹೋಸ್ಟ್ಸ್" ಫೈಲಿನಲ್ಲಿ (ಡಿಎನ್‌ಎಸ್ ಕೇಳುವ ಮೊದಲು ಸರ್ವರ್ ನೋಡುವ, ಹೆಸರು-ವಿಳಾಸಗಳ ಪಟ್ಟಿ), ನೀವು ಲಾಗಿನ್ ಆಗುವ ಕಂಪ್ಯೂಟರಿನ ಐಪಿ ವಿಳಾಸದ ಮುಂದೆ ಯಾವುದಾದರೂ ಹೆಸರು ಬರೆದು ಮತ್ತೆ ಲಾಗಿನ್ ಆಗಿ. ತಡ ಮಾಯವಾದರೆ ಕಾರಣ ಸಿಕ್ಕಿತು. ಆಗ ಆ ಸಾಲನ್ನು ಅಳಿಸಿ, ಡಿಎನ್‌ಎಸ್ ವಿಳಾಸವನ್ನು ಸರಿಪಡಿಸಿ. ಸರ್ವರಿನಿಂದ ಅದರೊಳಗೇ "ಲೋಕಲ್‌ಹೋಸ್ಟ್" ಎಂದು ಲಾಗಿನ್ ಆದಾಗ ಬೇಗ ಆಗುತ್ತದೆ ಎಂದು ಡಿಎನ್‌ಎಸ್ ಮೇಲಿನ ಅನುಮಾನವನ್ನು ಬಿಡಬೇಡಿ, ಏಕೆಂದರೆ 127.0.0.1 ಎಂಬ ವಿಳಾಸದ ಹೆಸರು ಆ ಫೈಲಿನಲ್ಲಿ ಮೊದಲೇ ಇರುತ್ತದೆ.

ತಡ ಹಾಗೆಯೇ ಉಳಿದರೆ "-ವಿ" ಔಟ್‌ಪುಟ್ ಯಾವ ಸಾಲಿನಲ್ಲಿ ನಿಲ್ಲುತ್ತದೆ ಎಂದು ನೋಡಿ. "ಜಿಎಸ್‌ಎಸ್‌ಎಪಿಐ" (ಪಾಸ್‌ವರ್ಡ್ ಇಲ್ಲದೆ ಗುರುತು ಪರೀಕ್ಷಿಸುವ ಒಂದು ವಿಧಾನ) ಎಂಬ ಪದವಿರುವ ಸಾಲಿನ ನಂತರವಾದರೆ ನಿಮ್ಮ ಕಂಪ್ಯೂಟರಿನ ಕಡೆ ಆ ವಿಧಾನವನ್ನು ಆಫ್ ಮಾಡಿ. ಪಾಸ್‌ವರ್ಡ್ ಒಪ್ಪಿದ ಮೇಲೆ ನಿಂತರೆ ನೆಟ್‌ವರ್ಕನ್ನು ಬಿಟ್ಟು, ಲಾಗಿನ್ ಆದೊಡನೆ ಓಡುವ ಸ್ಕ್ರಿಪ್ಟ್‌ಗಳನ್ನು ಮತ್ತು ಲ್ಯಾಪ್‌ಟಾಪಿನ ಹಳೆಯ ಹಾರ್ಡ್‌ಡಿಸ್ಕನ್ನು ಪರಿಶೀಲಿಸಿ.

ಇಲ್ಲಿನ ಇನ್ನೊಬ್ಬ ಸದಸ್ಯರು ಎಂಟಿಆರ್ (ಪ್ಯಾಕೆಟ್ ಸಾಗುವ ದಾರಿಯನ್ನು ಪರೀಕ್ಷಿಸುವ ಪ್ರೋಗ್ರಾಮ್) ಓಡಿಸಿ ಮಧ್ಯದ ಹಾಪ್ (ದಾರಿಯಲ್ಲಿ ಸಿಗುವ ರೂಟರ್) ಒಂದರಲ್ಲಿ ಶೇಕಡಾ 60 ಪ್ಯಾಕೆಟ್ ನಷ್ಟ ಎಂದು ತೋರಿಸಿದ್ದಾರೆ. ಕೊನೆಯ ಹಾಪ್‌ನಲ್ಲಿ ನಷ್ಟ ಸೊನ್ನೆಯಿದ್ದರೆ ಮಧ್ಯದ ಆ ಅಂಕಿಗೆ ಬೆಲೆಯಿಲ್ಲ. ಅನೇಕ ರೂಟರ್‌ಗಳು ಇಂಥ ಪರೀಕ್ಷಾ ಪ್ಯಾಕೆಟ್‌ಗಳಿಗೆ ಉತ್ತರಿಸುವುದನ್ನು ಮಿತಗೊಳಿಸಿರುತ್ತವೆ, ಸಾಗಿಸಬೇಕಾದ ಡೇಟಾವನ್ನು ಮಾತ್ರ ಸರಿಯಾಗಿಯೇ ಸಾಗಿಸುತ್ತವೆ.

"-ವಿ" ಔಟ್‌ಪುಟ್ ನಿಂತ ಸಾಲನ್ನೂ ಅದರ ಹಿಂದಿನ ಎರಡು ಸಾಲುಗಳನ್ನೂ ಇಲ್ಲಿ ಹಾಕಿ. ಹಾಕುವ ಮೊದಲು ನಿಮ್ಮ ಹೊರಗಿನ ಐಪಿ ವಿಳಾಸವನ್ನು ತಪ್ಪದೇ ಅಳಿಸಿ.